ಯಾರ ಬಾಯಲ್ಲಿ ಯಾವ ಮಾತು

ಇವತ್ತಿನ ಮಾತಿನಲ್ಲಿ ಕೆಲವು ಬೈಗುಳಗಳು ಬರುತ್ತವೆ. ಮಕ್ಕಳೊಂದಿಗೆ ಕೂತು ಕೇಳುತ್ತಿರುವವರು ರೇಡಿಯೋ ಆರಿಸಬೇಕಾಗಿಲ್ಲ. ಆ ಪದಗಳು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಿರುತ್ತವೆ.

1988ನೇ ಇಸವಿ. ಆಗಿನ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಒಂದು ಕಾನೂನು ತಂದಿತ್ತು. ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮಕ್ಕೆ ಪ್ರೋತ್ಸಾಹ ಕೊಡುವಂತಿಲ್ಲ ಎನ್ನುವ 28ನೇ ಸೆಕ್ಷನ್ ಅದು. ಅದನ್ನು ಖಂಡಿಸಿ ನಿರ್ಣಯ ಮಂಡಿಸಲು ಜರ್ಮನ್ ಸಂಸತ್ತಿನ ಗ್ರೀನ್ ಪಕ್ಷದವರು ಹೊರಟರು. ನಿರ್ಣಯದ ತಲೆಬರಹದಲ್ಲಿ 'ಶ್ವೂಲ್' ಎಂಬ ಪದ ಬಳಸಬೇಕೆಂದಿದ್ದರು. ಗಂಡಸನ್ನು ಪ್ರೀತಿಸುವ ಗಂಡಸಿಗೆ ಜರ್ಮನ್ ಬೀದಿಗಳಲ್ಲಿ ಬಹುಕಾಲದಿಂದ ಇದ್ದ ಬೈಗುಳ ಅದು. 1970ರ ದಶಕದಲ್ಲಿ ಅಲ್ಲಿನ ಯುವಕರು ಅದನ್ನೇ ಎತ್ತಿಕೊಂಡು ತಮ್ಮ ಹೆಸರು ಮಾಡಿಕೊಂಡಿದ್ದರು. ಸಭಾಧ್ಯಕ್ಷ ಪೀಠ ಒಪ್ಪಲಿಲ್ಲ. ಸದನಕ್ಕೆ ತಕ್ಕ ಮಾತಲ್ಲ ಎಂದಿತು. ಕೊನೆಗೆ ಆ ನಿರ್ಣಯ ಅಚ್ಚಾದದ್ದು 'ಉರ್ನಿಂಗ್' ಎಂಬ ಪದದೊಂದಿಗೆ. 1860ರ ದಶಕದಲ್ಲಿ ಕಾರ್ಲ್ ಹೈನ್‌ರಿಷ್ ಉಲ್ರಿಕ್ಸ್ ಎಂಬ ಕಾನೂನು ಪಂಡಿತರು ಗ್ರೀಕ್ ಪುರಾಣದಿಂದ ಹೆಕ್ಕಿ ಕಟ್ಟಿದ್ದ ಪದ, ಜನರ ಬಾಯಿಂದ ಯಾವಾಗಲೋ ಮರೆಯಾಗಿತ್ತು. ಅರ್ಥ ಗೊತ್ತಿಲ್ಲದ ಪದದಿಂದ ಯಾರ ಘನತೆಗೂ ಧಕ್ಕೆ ಬರಲಿಲ್ಲ. ತಮ್ಮ ಬಗ್ಗೆಯೇ ತಂದ ನಿರ್ಣಯದಲ್ಲಿ ತಮ್ಮ ಹೆಸರು ಹುಡುಕಲು ಜನ ನಿಘಂಟು ತೆಗೆಯಬೇಕಾಯಿತು, ಅಷ್ಟೆ.

ಆ ಪೀಠದಲ್ಲಿ ಕೂತವರನ್ನು ನೋಡಿ ನಗುವುದು ಸುಲಭ. ಆದರೆ ಅವರ ಕಡೆಯಿಂದಲೂ ಒಂದು ಮಾತಿದೆ. ಬೈಗುಳವನ್ನು ಸದನದ ಕಡತಕ್ಕೆ ಸೇರಿಸಿದರೆ ನಾಳೆ ಇನ್ನೊಬ್ಬ ಸದಸ್ಯ ಅದನ್ನೇ ಎದುರಾಳಿಯ ಮುಖಕ್ಕೆ ಎಸೆದಾಗ ಏನೆಂದು ತಡೆಯುವುದು? ಈ ಆತಂಕ ಸುಳ್ಳಲ್ಲ. ಎಡವಟ್ಟಾದದ್ದು ಎಲ್ಲೆಂದರೆ, ಬೈಸಿಕೊಂಡವರ ಮಾನ ಕಾಪಾಡುತ್ತೇವೆಂದು ಹೊರಟು ಬೈಸಿಕೊಂಡವರನ್ನು ಮಾತ್ರ ಕೇಳದೇ ಹೋದರು.

ಅದೇ ವರ್ಷ ಅದೇ ಪೀಠದಲ್ಲಿದ್ದ ಫಿಲಿಪ್ ಯೆನ್ನಿಂಗರ್ ಅವರ ಕಥೆಯನ್ನೂ ಹೇಳಬೇಕು. ಲೈಂಗಿಕತೆಗೂ ಅದಕ್ಕೂ ಸಂಬಂಧವಿಲ್ಲ, ಆದರೂ ನಮ್ಮ ವಿಷಯಕ್ಕೆ ಹತ್ತಿರದ್ದು. 1938ರ ನವೆಂಬರಿನಲ್ಲಿ ನಾಜಿಗಳು ಯೆಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟು ಪುಡಿಗಟ್ಟಿದರಲ್ಲ, ಅದರ ಐವತ್ತನೇ ವರ್ಷದ ಸ್ಮರಣೆಗೆ ಸಂಸತ್ತಿನಲ್ಲಿ ಅವರು ಭಾಷಣ ಮಾಡಿದರು. ಸಾಮಾನ್ಯ ಜರ್ಮನ್ ಪ್ರಜೆ ಅವತ್ತು ಏನು ಯೋಚಿಸುತ್ತಿದ್ದ ಎನ್ನುವುದನ್ನು ಆ ಪ್ರಜೆಯ ಧಾಟಿಯಲ್ಲೇ ಬಿಚ್ಚಿಡಲು ಹೋದರು. ಧ್ವನಿಯಲ್ಲಿ ಏರಿಳಿತವಿರಲಿಲ್ಲ. ಎಲ್ಲಿ ಅವನ ಮಾತು ಮುಗಿಯಿತು, ಎಲ್ಲಿ ಇವರ ಮಾತು ಶುರುವಾಯಿತು ಎಂದು ಕೇಳುವವರಿಗೆ ತಿಳಿಯಲಿಲ್ಲ. ಸದಸ್ಯರು ಎದ್ದು ಹೊರನಡೆದರು. ಮರುದಿನವೇ ಯೆನ್ನಿಂಗರ್ ರಾಜೀನಾಮೆ ಕೊಟ್ಟರು. ಮುಂದಿನ ವರ್ಷ ಜರ್ಮನಿಯ ಯೆಹೂದಿ ಮುಖಂಡ ಇಗ್ನಾಟ್ಸ್ ಬುಬಿಸ್, ಫ್ರಾಂಕ್‌ಫರ್ಟಿನ ಸಿನಗಾಗ್‌ನಲ್ಲಿ ಮಾತಾಡುವಾಗ ಅದೇ ಭಾಷಣದ ದೊಡ್ಡ ದೊಡ್ಡ ಭಾಗಗಳನ್ನು ಬಳಸಿದರು. ಯಾರೂ ಆಕ್ಷೇಪಿಸಲಿಲ್ಲ. ಹೀಗೆ ಬಳಸಿದ್ದೆ ಎಂದು ಆಮೇಲೆ ಅವರೇ ಹೇಳಿಕೊಂಡರು.

ಅವೇ ವಾಕ್ಯಗಳು, ಬೇರೆ ಬಾಯಿ. ಒಬ್ಬರ ಹುದ್ದೆ ಹೋಯಿತು, ಇನ್ನೊಬ್ಬರಿಗೆ ಏನೂ ಆಗಲಿಲ್ಲ. ಬಾನುಲಿಯಲ್ಲಿ ಮಾತಾಡುವ ನನ್ನಂಥವರಿಗೆ ಇದು ತುಸು ಹೆದರಿಕೆ ಹುಟ್ಟಿಸುವ ಪಾಠ. ನನ್ನ ಮುಖ ನಿಮಗೆ ಕಾಣುವುದಿಲ್ಲ, ಹುಬ್ಬೇರಿಸಿದ್ದು ಕಾಣುವುದಿಲ್ಲ, ಉದ್ಧರಣ ಚಿಹ್ನೆಯಂತೂ ಕಿವಿಗೆ ಬೀಳುವುದೇ ಇಲ್ಲ.

'ಶ್ವೂಲ್' ಪದಕ್ಕೆ ಮರಳೋಣ. ಜರ್ಮನಿಯಲ್ಲಿ ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 175ನೇ ಕಲಮು 1871ರಿಂದ ಇತ್ತು. 1935ರಲ್ಲಿ ನಾಜಿಗಳು ಅದನ್ನು ಇನ್ನಷ್ಟು ಕ್ರೂರ ಮಾಡಿದರು. ಹಿಟ್ಲರ್ ಸತ್ತ ಮೇಲೂ ಪಶ್ಚಿಮ ಜರ್ಮನಿ ಆ ನಾಜಿ ರೂಪವನ್ನೇ 1969ರವರೆಗೆ ಇಟ್ಟುಕೊಂಡಿತು. ಆ ಅವಧಿಯಲ್ಲಿ ಸುಮಾರು 50,000 ಗಂಡಸರಿಗೆ ಶಿಕ್ಷೆಯಾಯಿತು. ಹೀಗೆ ಜೈಲು ಕಂಡು, ಕೆಲಸ ಕಳೆದುಕೊಂಡು, ಊರು ಬಿಟ್ಟವರ ಕಿವಿಯಲ್ಲಿ ಆ ಪದ ಪೊಲೀಸನ ದನಿಯಲ್ಲೇ ಉಳಿದಿತ್ತು. ಇಪ್ಪತ್ತರ ಹುಡುಗರು ಅದನ್ನು ಬ್ಯಾನರಿನ ಮೇಲೆ ಬರೆದುಕೊಂಡು ಬಂದಾಗ ಹಿರಿಯರಲ್ಲಿ ಬಹಳ ಮಂದಿಗೆ ಹಿಡಿಸಲಿಲ್ಲ. 'ಹೋಮೋಫೈಲ್' ಎಂಬ ಮೃದುವಾದ ಪದ ಅವರಿಗೆ ಬೇಕಿತ್ತು. ಒಂದೇ ಸಮುದಾಯ, ಒಂದೇ ಪದ, ಎರಡು ತಲೆಮಾರು. ಇದರಲ್ಲಿ ಯಾರು ತಪ್ಪು ಎಂದು ಹೊರಗಿನವರು ತೀರ್ಪು ಹೇಳುವುದು ಅಧಿಕಪ್ರಸಂಗ.

2001ರ ಜೂನ್‌ನಲ್ಲಿ ಬರ್ಲಿನ್ನಿನ ಮೇಯರ್ ಹುದ್ದೆಗೆ ನಿಂತಿದ್ದ ಕ್ಲಾಸ್ ವೊವೆರೈಟ್ ತಮ್ಮ ಪಕ್ಷದ ಸಭೆಯಲ್ಲಿ ತಾನು ಶ್ವೂಲ್, ಅದು ಒಳ್ಳೆಯದೇ ಎಂದು ಘೋಷಿಸಿದರು. ಅದೇ ತಿಂಗಳು ಮೇಯರ್ ಆದರು. ಸದನ ಹೊರಗಿಟ್ಟಿದ್ದ ಪದ ಹದಿಮೂರೇ ವರ್ಷಗಳಲ್ಲಿ ನಗರದ ಗದ್ದುಗೆ ಏರಿತು. ಆದರೆ ಅದೇ ಬರ್ಲಿನ್ನಿನ ಶಾಲೆಯ ಅಂಗಳದಲ್ಲಿ ಹುಡುಗರು ಒಬ್ಬರನ್ನೊಬ್ಬರು ಹೀಯಾಳಿಸಲು ಆ ಪದವನ್ನೇ ಬಳಸುತ್ತಿದ್ದರು. ಸಪ್ಪೆ ಹೋಮ್‌ವರ್ಕೂ ಶ್ವೂಲ್, ಕೆಟ್ಟ ಶೂ ಕೂಡ ಶ್ವೂಲ್. ಒಮ್ಮೆ ತೊಳೆದು ಒಣಗಿಸಿದ ಪದ ಎಲ್ಲರ ಬಾಯಲ್ಲೂ ಶುದ್ಧವಾಗಿಬಿಡುತ್ತದೆ ಎಂದುಕೊಂಡವರಿಗೆ ಇದು ಉತ್ತರ.

ಹಾಗಾದರೆ ಎಲ್ಲವೂ ಸಂದರ್ಭಕ್ಕೆ ಬಿಟ್ಟದ್ದೇ? ಹೌದು ಎನ್ನುತ್ತೇನೆ. ಆದರೆ ಸಂದರ್ಭ ಎಂದರೆ ಆಡಿದವರ ಮನಸ್ಸಿನಲ್ಲಿ ಏನಿತ್ತು ಎನ್ನುವುದಷ್ಟೇ ಆಗಬಾರದು. ಕೇಳಿದವರ ಮೈಮೇಲೆ ಆ ಪದದ ಹಳೆಯ ಲೆಕ್ಕ ಎಷ್ಟಿದೆ, ಮಾತು ತಿರುಗಿ ಹೊಡೆದರೆ ಪೆಟ್ಟು ಯಾರಿಗೆ ಬೀಳುತ್ತದೆ, ಎದುರಿಗಿರುವವರು ಎದ್ದು ಹೋಗಲು ಬಾಗಿಲು ತೆರೆದಿದೆಯೇ, ಇವೂ ಸಂದರ್ಭದೊಳಗೇ ಬರುತ್ತವೆ. ತನ್ನನ್ನು ತಾನು ಹಾಗೆ ಕರೆದುಕೊಳ್ಳುವವನು ಆ ಪೆಟ್ಟನ್ನು ತನ್ನ ಮೈಮೇಲೆ ಎಳೆದುಕೊಂಡೇ ಕರೆದುಕೊಳ್ಳುತ್ತಾನೆ. ನಾನು ಅವನನ್ನು ಹಾಗೆ ಕರೆದರೆ ನನಗೆ ಯಾವ ಖರ್ಚೂ ಇಲ್ಲ. ವ್ಯತ್ಯಾಸ ಅಲ್ಲಿದೆ. ನಾನು ಆ ಸಮುದಾಯಕ್ಕೆ ಸೇರಿದವನಲ್ಲ, ಹಾಗಾಗಿ ಈ ಪದಗಳನ್ನು ಇಲ್ಲಿ ಹೆಸರಿಸಬಲ್ಲೆ, ಯಾರಿಗೂ ಹಚ್ಚಲಾರೆ.

ಈ ಮಾತು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದನ್ನು ನೋಡಲು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. 1976ರಲ್ಲಿ ಅಲ್ಲಿನ ಸಲಿಂಗಪ್ರೇಮಿಗಳ ಪ್ರೈಡ್ ಮೆರವಣಿಗೆಯ ಮುಂದೆ ಇಪ್ಪತ್ತು ಇಪ್ಪತ್ತೈದು ಹೆಂಗಸರು ಮೋಟಾರ್ ಸೈಕಲ್ ಏರಿ ಬಂದರು. ಮುಂದೆಯೇ ಯಾಕೆಂದರೆ, ನಡೆಯುವವರ ಹೆಜ್ಜೆಗೆ ಹೊಂದಿಕೊಂಡು ಹಿಂದೆ ಬಂದರೆ ಎಂಜಿನ್ ಸರಿಯಾಗಿ ಓಡುವುದಿಲ್ಲ, ಬಿಸಿಯಾಗುತ್ತದೆ. ಯಂತ್ರದ ಅನುಕೂಲಕ್ಕೆ ಮಾಡಿದ್ದು ಸಂಪ್ರದಾಯವಾಗಿ ನಿಂತಿತು. ಅವರಲ್ಲೇ ಒಬ್ಬರು ತಮಾಷೆಯಾಗಿ ಪ್ರಾಸ ಕಟ್ಟಿ 'ಡೈಕ್ಸ್ ಆನ್ ಬೈಕ್ಸ್' ಅಂದರಂತೆ, ಹೆಸರು ಅಂಟಿಕೊಂಡಿತು. 'ಡೈಕ್' ಎನ್ನುವುದು ಹೆಂಗಸನ್ನು ಪ್ರೀತಿಸುವ ಹೆಂಗಸಿಗೆ ಇಂಗ್ಲಿಷಿನವರ ಬೈಗುಳ, ಅದರಲ್ಲೂ ಗಂಡುಬೀರಿ ಎನ್ನುವ ತಿರಸ್ಕಾರ ಬೆರೆತದ್ದು.

2003ರಲ್ಲಿ ಆ ಹೆಂಗಸರು ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದರು. ಆಗಿನ ಕಾನೂನಿನ ಪ್ರಕಾರ ಯಾವುದೇ ಜನವರ್ಗವನ್ನು ಹೀಗಳೆಯುವ ಹೆಸರಿಗೆ ನೋಂದಣಿ ಇರಲಿಲ್ಲ. ಅಧಿಕಾರಿ ನಿಘಂಟು ತೆಗೆದರು, ಅದರಲ್ಲಿ ಹೀನಾರ್ಥಕ ಎಂದು ಬರೆದಿತ್ತು, ಅರ್ಜಿ ತಳ್ಳಿಹೋಯಿತು. ಲೆಸ್ಬಿಯನ್ನರಿಗೆ ಅವಮಾನವಾಗುತ್ತದೆ ಎಂದು ಲೆಸ್ಬಿಯನ್ನರಿಗೇ ತಿಳಿಹೇಳಿದಂತಾಯಿತು! ಆ ಹೆಂಗಸರು ಭಾಷಾಶಾಸ್ತ್ರಜ್ಞರು, ಇತಿಹಾಸಕಾರರು, ಮನಶ್ಶಾಸ್ತ್ರಜ್ಞರಿಂದ ಹೇಳಿಕೆಗಳನ್ನು ತಂದು ರಾಶಿ ಹಾಕಿದ ಮೇಲೆ 2005ರಲ್ಲಿ ಕಚೇರಿ ಮಣಿಯಿತು. ಅಷ್ಟರಲ್ಲಿ ಇನ್ನೊಂದು ತಕರಾರು. ಒಬ್ಬ ಗಂಡಸು ಬಂದು ಈ ಹೆಸರಿನಿಂದ ಗಂಡಸರಿಗೆ ಅವಮಾನವಾಗಿದೆ ಎಂದ. 2007ರಲ್ಲಿ ಮೇಲಿನ ಕೋರ್ಟು, ಇದರಲ್ಲಿ ನಿನಗೆ ಆದ ನಷ್ಟವೇನೂ ಕಾಣುವುದಿಲ್ಲ, ದೂರು ಕೊಡುವ ಹಕ್ಕೇ ನಿನಗಿಲ್ಲ ಎಂಬರ್ಥದಲ್ಲಿ ಅವನನ್ನು ಮನೆಗೆ ಕಳಿಸಿತು. ಪೆಟ್ಟು ಬಿದ್ದದ್ದು ಯಾರಿಗೆ ಎಂಬ ಪ್ರಶ್ನೆಯನ್ನು ಕಾನೂನು ತನ್ನ ಒಣ ಭಾಷೆಯಲ್ಲಿ ಕೇಳಿದ ಬಗೆ ಇದು.

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. 2017ರಲ್ಲಿ ಏಷ್ಯಾ ಮೂಲದ ಗಾಯಕರ ತಂಡವೊಂದು ತಮ್ಮ ಜನಾಂಗದ ಬೈಗುಳವನ್ನೇ ಹೆಸರಾಗಿಟ್ಟುಕೊಂಡ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೀಗಳೆಯುವ ಹೆಸರುಗಳಿಗಿದ್ದ ಆ ನಿಷೇಧವನ್ನೇ ರದ್ದು ಮಾಡಿತು. ಬೈಕಿನ ಹೆಂಗಸರು ಆ ತಂಡದ ಬೆಂಬಲಕ್ಕೆ ನಿಂತಿದ್ದರು. ಯಾವುದು ಅವಮಾನ, ಯಾವುದು ಅಲ್ಲ ಎಂದು ಸರ್ಕಾರ ನಿರ್ಧರಿಸುವಂತಿಲ್ಲ ಎಂದಾಯಿತು. ತಮ್ಮ ಬೈಗುಳವನ್ನು ತಾವೇ ಹೊತ್ತವರಿಗೆ ತೆರೆದ ಬಾಗಿಲು, ಬೈಯುವುದೇ ಕಸುಬಾದವರಿಗೂ ತೆರೆದಿದೆ. ಈ ತೀರ್ಪು ನನಗೆ ಸರಿಯೆನಿಸುತ್ತದೆ, ಜೊತೆಗೆ ಇರಿಸುಮುರಿಸೂ ಆಗುತ್ತದೆ.

ಎದುರು ದಿಕ್ಕಿಗೆ ಹೋದ ನ್ಯಾಯಾಲಯವೂ ಇದೆ. ಮೆಕ್ಸಿಕೋದ ಪುಯೆಬ್ಲಾ ನಗರದಲ್ಲಿ ಇಬ್ಬರು ಪತ್ರಕರ್ತರು ಜಗಳವಾಡಿ, ಒಬ್ಬರು ಇನ್ನೊಬ್ಬರ ಕಡೆಯವರನ್ನು ಸಲಿಂಗಿಗಳಿಗೆ ಅಲ್ಲಿ ಬಳಸುವ ಬೈಗುಳದಿಂದ ಕರೆದರು. ಹೇಡಿ, ಕೈಲಾಗದವ ಎಂಬರ್ಥದಲ್ಲಿ ಅಂದದ್ದಷ್ಟೇ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಪೀಠ ಮೂವರು-ಇಬ್ಬರ ಬಹುಮತದಿಂದ ತೀರ್ಪು ಕೊಟ್ಟಿತು: ಜನ ದಿನಾ ಆಡುವ ಮಾತು ಎಂದ ಮಾತ್ರಕ್ಕೆ ಅದು ನಿರಪಾಯವಾಗುವುದಿಲ್ಲ, ಇದು ತಾರತಮ್ಯದ ಭಾಷೆ, ವಾಕ್ ಸ್ವಾತಂತ್ರ್ಯದ ಆಸರೆ ಇದಕ್ಕಿಲ್ಲ. ನಮ್ಮಲ್ಲೂ 'ಬಳೆ ತೊಟ್ಕೋ' ಎನ್ನುವವರು ಬಳೆ ತೊಟ್ಟವರ ಬಗ್ಗೆ ತಾವೇನೂ ಅಂದಿಲ್ಲ ಎಂದೇ ನಂಬಿರುತ್ತಾರೆ.

ಈಗ ಬೆಂಗಳೂರು. 2008ರ ಜೂನ್ 29ರಂದು ಇಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಅದೇ ದಿನ ದೆಹಲಿ, ಕೋಲ್ಕತ್ತಗಳಲ್ಲೂ ನಡೆದಿತ್ತು. ಮುಂದೆ ಅದರ ಸುತ್ತ ಬೆಳೆದ ಉತ್ಸವಕ್ಕೆ 'ಕರ್ನಾಟಕ ಕ್ವಿಯರ್ ಹಬ್ಬ' ಎಂದು ಹೆಸರಾಯಿತು. ಕ್ವಿಯರ್ ಎಂಬ ಇಂಗ್ಲಿಷ್ ಬೈಗುಳವನ್ನು 1990ರಲ್ಲಿ ನ್ಯೂಯಾರ್ಕಿನ 'ಕ್ವಿಯರ್ ನೇಷನ್' ಸಂಘಟನೆ ಕೈಗೆತ್ತಿಕೊಂಡಿತು. ಏಡ್ಸ್‌ನಲ್ಲಿ ಗೆಳೆಯರು ಒಬ್ಬರಾದ ಮೇಲೊಬ್ಬರು ಸಾಯುತ್ತಿದ್ದ ಕಾಲ, ಸರ್ಕಾರ ಕೈಕಟ್ಟಿ ಕೂತ ಕಾಲ. ಆ ಸಿಟ್ಟೇ ಆ ಪದಕ್ಕೆ ಬಲ ಕೊಟ್ಟದ್ದು. ಕನ್ನಡಕ್ಕೆ ಬರುವಷ್ಟರಲ್ಲಿ ಕ್ವಿಯರ್ ಪಕ್ಕದಲ್ಲಿ 'ಹಬ್ಬ' ಸಲೀಸಾಗಿ ಕೂತಿತು, ಯಾಕೆಂದರೆ ನಮ್ಮ ಬೀದಿಯಲ್ಲಿ ಯಾರಿಗೂ ಯಾರೂ ಕ್ವಿಯರ್ ಎಂದು ಕಲ್ಲು ಹೊಡೆದಿರಲಿಲ್ಲ.

ಇಲ್ಲಿ ಕಲ್ಲು ಹೊಡೆದ ಪದಗಳೇ ಬೇರೆ. ಹಿಜಡಾ, ಚಕ್ಕಾ, ಒಂಬತ್ತು, ಖೋಜಾ. ಮೆಜೆಸ್ಟಿಕ್ ಬಸ್ ನಿಲ್ದಾಣದ ಸುತ್ತ, ಕಬ್ಬನ್ ಪಾರ್ಕಿನಲ್ಲಿ, ಠಾಣೆಗಳಲ್ಲಿ ಕೇಳಿದ ಪದಗಳು. ಅವುಗಳ ಜೊತೆ ಲಾಠಿಯೂ ಬರುತ್ತಿತ್ತೆಂದು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿದೆ. ಇಂಗ್ಲಿಷ್ ಓದಿದ ಹುಡುಗ ಟೀ ಶರ್ಟಿನ ಮೇಲೆ ಕ್ವಿಯರ್ ಎಂದು ಬರೆಸಿಕೊಂಡು ಆಫೀಸಿಗೆ ಹೋದಾನು. ಸಿಗ್ನಲ್ಲಿನಲ್ಲಿ ಕೈಚಪ್ಪಾಳೆ ತಟ್ಟುವವರ ಹೆಸರನ್ನು ಬರೆಸಿಕೊಂಡು ಹೋಗಲಾರ. ಬೇರೆ ದೇಶದವರು ಬೆಲೆ ತೆತ್ತು ಬಿಡಿಸಿಕೊಂಡ ಪದ ನಮಗೆ ಪುಕ್ಕಟೆ ಸಿಕ್ಕಿದೆ. ನಮ್ಮದೇ ಪದಗಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ಅದನ್ನು ತೀರಿಸುವ ಹೊಣೆ ಬಿದ್ದಿರುವುದು ಬಡವರ ಮೇಲೆ.

ಹಾಗೆ ತೀರಿಸಲು ಹೊರಟವರು ಇಲ್ಲದಿಲ್ಲ. ತಮಿಳುನಾಡಿನಿಂದ ಬಂದು ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ 'ಸಂಗಮ' ಸಂಸ್ಥೆಯಲ್ಲಿ ದುಡಿದ, ತಾವೂ ಅದೇ ಸಮುದಾಯದವರಾದ ಎ. ರೇವತಿ 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯ ತಲೆಬರಹದಲ್ಲೇ ಹಿಜ್ರಾ ಎಂಬ ಪದವನ್ನು ಇಟ್ಟರು. ದು. ಸರಸ್ವತಿ ಅದನ್ನು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಆಡಿದಾಗ ಸ್ವತಃ ರೇವತಿಯವರೇ ರಂಗಕ್ಕೆ ಬಂದರು. ಬೈಸಿಕೊಂಡವರೇ ಬೈಗುಳದ ಕಥೆಯನ್ನು ದೀಪದ ಬೆಳಕಿನಲ್ಲಿ ನಿಂತು ಹೇಳುವಾಗ ನಗುವವರಿಗೆ ನಗು ಬರುವುದು ಕಷ್ಟ. ಉತ್ತರ ಕರ್ನಾಟಕದ ಲಿಂಗತ್ವ ಅಲ್ಪಸಂಖ್ಯಾತ ಜಾನಪದ ಕಲಾವಿದೆ ಮಂಜಮ್ಮ ತಮ್ಮ ಹೆಸರಿಗೆ 'ಜೋಗತಿ'ಯನ್ನು ಸೇರಿಸಿಕೊಂಡೇ 2021ರ ಪದ್ಮಶ್ರೀ ಪಟ್ಟಿಗೆ ಹೋದರು. ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದರು. ಜೋಗತಿ ಎನ್ನುವುದು ಎಲ್ಲಮ್ಮನ ಭಕ್ತರಲ್ಲಿ ಕೈಮುಗಿಯುವ ಹೆಸರು, ಅದೇ ಊರಿನ ಕಟ್ಟೆಯ ಮೇಲೆ ಕೂತ ಪಡ್ಡೆಗಳ ಬಾಯಲ್ಲಿ ಗೇಲಿ. ಎರಡೂ ಒಂದೇ ಸಂಜೆ ಕೇಳಿಬರಬಹುದು.

ಪದ ಸಭ್ಯವಾಗಿದ್ದರೆ ಸಾಕೆನ್ನುವವರಿಗೆ ನಮ್ಮದೇ ಕಾನೂನಿನ ಉದಾಹರಣೆ ಇದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಹುಡುಗರನ್ನು ಅಪಹರಿಸುತ್ತಾರೆಂಬ ಶಂಕೆ ಇರುವ 'ಯೂನಕ್'ಗಳ ಹೆಸರು, ವಿಳಾಸ ಬರೆದಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟ ಕಲಮು. 1871ರಲ್ಲಿ ಬ್ರಿಟಿಷರು ಮಾಡಿದ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯ ನೆರಳು ಅದು. ನಪುಂಸಕ ಎಂಬರ್ಥದ ಯೂನಕ್ ಬೈಗುಳವಲ್ಲ, ನಿಘಂಟಿನ ಪದ. ಅದರಲ್ಲಿ ಒಂದು ಅಶ್ಲೀಲ ಅಕ್ಷರವಿಲ್ಲ. ಆದರೂ ಇಡೀ ಸಮುದಾಯವನ್ನು ಮಕ್ಕಳ ಕಳ್ಳರ ಸಾಲಿಗೆ ತಂದು ನಿಲ್ಲಿಸಿತು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲು ಹತ್ತಿದ ಬಳಿಕ ಆ ಪದ ಹೋಗಿ 'ವ್ಯಕ್ತಿಗಳು' ಬಂದರು. ಮೈಮೇಲೆ ಬಿದ್ದ ಯಾವ ಬೀದಿ ಬೈಗುಳಕ್ಕಿಂತಲೂ ಆ ಕಲಮು ಕೆಟ್ಟದಾಗಿತ್ತು ಎಂದರೆ ನಾನು ಹೆಚ್ಚು ಹೇಳಿದಂತಾಗದು.

ಸರ್ಕಾರದ ಕಡತಗಳಲ್ಲಿ ಈಗ 'ಲಿಂಗತ್ವ ಅಲ್ಪಸಂಖ್ಯಾತರು' ಎಂದಿದೆ. ಪತ್ರಿಕೆಗಳು 'ಮಂಗಳಮುಖಿ' ಎನ್ನುತ್ತವೆ. ಅದು ಗೌರವವೆನ್ನುವವರೂ ಇದ್ದಾರೆ, ನಮಗೆ ಮಂಗಳವೂ ಬೇಡ ಅಮಂಗಳವೂ ಬೇಡ, ಕೆಲಸ ಕೊಡಿ ಎನ್ನುವವರೂ ಇದ್ದಾರೆ. ಕಚೇರಿ, ಠಾಣೆ, ಆಸ್ಪತ್ರೆ, ಬಾನುಲಿ ಇವೆಲ್ಲ ಸಪ್ಪೆಯಾದ ಪದವನ್ನೇ ಬಳಸಲಿ. ಅಧಿಕಾರ ಕೈಲಿರುವವರಿಗೆ ಸಲಿಗೆಯ ಭಾಷೆ ಒಪ್ಪುವುದಿಲ್ಲ. ತಮ್ಮ ತಮ್ಮಲ್ಲಿ ಆ ಸಮುದಾಯದ ಗುರು-ಚೇಲಾಗಳು ತಾವು ವಾಸಿಸುವ ಹಮಾಮಿನ ಬಾಗಿಲಲ್ಲಿ ಕೂತು ಒಬ್ಬರನ್ನೊಬ್ಬರು ಏನೆಂದು ಕರೆದುಕೊಂಡು ನಕ್ಕರೂ ಅದನ್ನು ತಿದ್ದಲು ಹೋಗುವುದು ಮಾತ್ರ ಬೇಡ. 'ಅವರೇ ಅಂದ್ಕೋತಾರಲ್ಲ, ನಾವಂದ್ರೆ ಏನು' ಎಂಬ ವಾದವನ್ನು ಕೇಳಿ ಕೇಳಿ ಸಾಕಾಗಿದೆ. ಸೊಸೆ ಅತ್ತೆಯನ್ನು ಅಮ್ಮ ಎನ್ನುತ್ತಾಳೆಂದು ಬೀದಿಯವರಿಗೆಲ್ಲ ಆ ಮನೆಯಲ್ಲಿ ಪಂಕ್ತಿ ಹಾಕುವುದಿಲ್ಲವಲ್ಲ.

ಬೈಗುಳವನ್ನು ತಮ್ಮದು ಮಾಡಿಕೊಳ್ಳಲು ಜೊತೆಗಾರರು ಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಪ್ಪತ್ತಕ್ಕೂ ಮೇಲೆ ಬೈಕುಗಳಿದ್ದವು. ನಮ್ಮ ಶಾಲೆಗಳಲ್ಲಿ ಸಿಗುವವನು ಒಬ್ಬನೇ. ಬೆಂಗಳೂರಿನ ಕಡೆ 'ಒಂಬತ್ತು' ಎಂಬ ಲೆಕ್ಕದ ಅಂಕಿಯೇ ಬೈಗುಳ. ಮೇಷ್ಟರು ನಂಬರಿನಿಂದ ಹಾಜರಿ ಕೂಗುತ್ತಾ ಏಳು, ಎಂಟು ಎಂದು ಬರುವಾಗಲೇ ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಗುತ್ತದೆ. ಒಂಬತ್ತು ಎಂದೊಡನೆ ಕಿಸಕ್ಕೆಂದು ನಗು. ಆ ನಂಬರಿನ ಹುಡುಗ ಸಣ್ಣ ದನಿಯವನೋ, ಕೈ ಬೀಸಿ ನಡೆಯುವ ರೀತಿ ಬೇರೆಯದೋ ಆಗಿದ್ದರಂತೂ ವರ್ಷವಿಡೀ ಅದೇ ಪಾಡು. ವ್ಯಾಕರಣದ ಪಾಠ ಬಂದು ನಪುಂಸಕ ಲಿಂಗ ಎಂದಾಗ ಮತ್ತೊಂದು ಸುತ್ತು. ಅದನ್ನು ಹೆಮ್ಮೆಯ ಹೆಸರು ಮಾಡಿಕೋ ಎಂದು ಹನ್ನೆರಡು ವರ್ಷದವನಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಂಬರು ಬಿಟ್ಟು ಹೆಸರು ಕೂಗುವ ಮೇಷ್ಟರಿದ್ದಾರೆ, ಒಳ್ಳೆಯದೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪುಸ್ತಕ ಮುಚ್ಚಿಟ್ಟು, ನಕ್ಕವರನ್ನು ಎಬ್ಬಿಸಿ, ಯಾಕೆ ನಕ್ಕಿರಪ್ಪಾ, ಬಿಡಿಸಿ ಹೇಳಿ ಎಂದು ಕೇಳಿ ನೋಡಲಿ. ಬಿಡಿಸಿ ಹೇಳಲು ಒಬ್ಬನಿಗೂ ನಾಲಿಗೆ ಏಳುವುದಿಲ್ಲ. ಬಹಳ ಒತ್ತಾಯಿಸಿದರೆ ಉತ್ತರ ಬರುತ್ತದೆ: "ಸುಮ್ನೆ ಸಾರ್, ತಮಾಷೆಗೆ."